ನಿಧಾನವಾದ ನನ್ನ ಕಂಪ್ಯೂಟರ್‌ಗೆ ಬೇಕಿದ್ದದ್ದು ಹೊಸ ಹಾರ್ಡ್ ಡಿಸ್ಕಾ, ಅದಕ್ಕಿಂತ ವೇಗದ ಎಸ್‌ಎಸ್‌ಡಿನಾ, ನೂರಿಪ್ಪತ್ತು ರೂಪಾಯಿ ಕೇಬಲ್ಲಾ?

ಕೇಬಲ್. ಮೊದಲೇ ಹೇಳಿಬಿಡುತ್ತೇನೆ. ಆದರೆ ಅದು ಗೊತ್ತಾಗುವಷ್ಟರಲ್ಲಿ ನನ್ನ ನಾಲ್ಕೂವರೆ ಸಾವಿರ ಖರ್ಚಾಗಿತ್ತು, ಸಿಪಿಯು ಮೂರು ಸಲ ಆಟೋ ಹತ್ತಿ ಇಳಿದಿತ್ತು.

ಚಿಕ್ಕಮಗಳೂರಿನ ಕೋಟೆ ಬಡಾವಣೆಯಲ್ಲಿ ನಮ್ಮ ಮನೆ. ಸಣ್ಣ ಬೆಳೆಗಾರರಿಗೆ ತೋಟದ ಲೆಕ್ಕ ಬರೆದುಕೊಡುವುದು ನನ್ನ ಕೆಲಸ. ಆಯುಧಪೂಜೆಗೆ ಸಿಪಿಯು ಬಿಚ್ಚಿ, ಬ್ರಷ್‌ನಲ್ಲಿ ಧೂಳು ತೆಗೆದು, ಮುಚ್ಚಿ, ಕುಂಕುಮ ಹಚ್ಚಿ ಹೂ ಇಟ್ಟಿದ್ದೆ. ಮಾರನೇ ದಿನದಿಂದ ಅದು ಆಮೆ. ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ ತೆರೆಯಲು ನಾಲ್ಕು ನಿಮಿಷ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100% ಅಂತ ತೋರಿಸುತ್ತದೆ, ಓದುತ್ತಿರುವುದು ಮಾತ್ರ ಸೆಕೆಂಡಿಗೆ 1 ಎಂಬಿ ಕೂಡ ಇಲ್ಲ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ವಾರ ವಾರ ಕೂಲಿ ಲೆಕ್ಕ ಕೊಡಬೇಕು. ಗಾಬರಿಯಾಯಿತು.

ಮೊದಲು ಫಾರ್ಮ್ಯಾಟ್. 500 ರೂಪಾಯಿ, ಒಂದು ಇಡೀ ಸಂಜೆ. ಏನೂ ಬದಲಾಗಲಿಲ್ಲ. ಅದರ ಬಗ್ಗೆ ಇಷ್ಟು ಸಾಕು.

ಆಮೇಲೆ ಹೊಸ ಹಾರ್ಡ್ ಡಿಸ್ಕ್. "ಡಿಸ್ಕ್ ಹೋಗಿದೆ ಸಾರ್, ಆರು ವರ್ಷ ಬಂದಿದೆಯಲ್ಲ" ಅಂದರು ಅಂಗಡಿಯವರು. 1 ಟಿಬಿಗೆ 4,000 ಕೊಟ್ಟೆ. ಅಲ್ಲೇ ಹಾಕಿ, ವಿಂಡೋಸ್ ತುಂಬಿಸಿ, ನನ್ನೆದುರಿಗೇ ಟ್ಯಾಲಿ ತೆರೆದು ತೋರಿಸಿದರು. ಚಕಚಕ ಅಂತ ತೆರೆಯಿತು. ಮನೆಗೆ ತಂದು ಹಾಕಿದರೆ ಮತ್ತದೇ ಆಮೆ.

ಮಾರನೇ ದಿನ ಮಳೆ. ಸಿಪಿಯುವನ್ನು ಗೊಬ್ಬರದ ಚೀಲದಲ್ಲಿ ಸುತ್ತಿ ಮತ್ತೆ ಅಂಗಡಿಗೆ ಒಯ್ದೆ. ಅವರು ಮೇಜಿನ ಮೇಲೆ ಮಲಗಿಸಿ, ಬಿಚ್ಚಿ, ಕರೆಂಟ್ ಕೊಟ್ಟರು. ಓಡಿತು ನೋಡಿ ಕುದುರೆ ಥರ! ಅರ್ಧ ಗಂಟೆ ಕೂತು ನೋಡಿದೆ, ಒಂದು ಸಲವೂ ತಡವರಿಸಲಿಲ್ಲ. ಸ್ಕ್ರೂ ಹಾಕಿ ಕೈಗೆ ಕೊಟ್ಟರು. ಮನೆಗೆ ಬಂದರೆ ನಿಧಾನ. ಎರಡು ದಿನ ಬಿಟ್ಟು ಮತ್ತೆ ಹೋದೆ. ಮತ್ತೆ ಅಲ್ಲಿ ಸರಿ, ಇಲ್ಲಿ ನಿಧಾನ. "ನಿಮ್ಮ ಮನೆ ವೋಲ್ಟೇಜ್ ಸರಿ ಇಲ್ಲ ಸಾರ್, ಯುಪಿಎಸ್ ಹಾಕಿಸಿ" ಅಂದರು. ಮಲೆನಾಡಿನ ಮಳೆಗಾಲದ ಕರೆಂಟ್ ಕಂಡವರು ಇದನ್ನು ನಂಬದೇ ಇರುತ್ತಾರಾ? ನಾನು ಯುಪಿಎಸ್ ರೇಟ್ ಕೇಳಿಕೊಂಡೇ ಬಂದೆ.

ಅವತ್ತು ರಾತ್ರಿ ಸುಮ್ನೆ ಪಕ್ಕದ ತಗಡು ತೆಗೆದು ಒಳಗೆ ಟಾರ್ಚ್ ಬಿಟ್ಟು ನೋಡುತ್ತಿದ್ದೆ. ಕಂಪ್ಯೂಟರ್ ಆನ್ ಇತ್ತು, ಚೆನ್ನಾಗಿಯೇ ಓಡುತ್ತಿತ್ತು. ತಗಡು ಹಾಕಿದೆ, ಐದು ನಿಮಿಷಕ್ಕೆ ನಿಧಾನವಾಯಿತು. ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ನಮ್ಮನೆಯವಳು, "ಬಾಗಿಲು ಹಾಕಿದ ಮೇಲೇ ಅಲ್ವೇನ್ರೀ ಅದು ಹಾಗೆ ಮಾಡೋದು?" ಅಂದಳು.

ಅಂಗಡಿಯ ಮೇಜಿನ ಮೇಲೆ ತಗಡು ಯಾವಾಗಲೂ ತೆಗೆದೇ ಇರುತ್ತಿತ್ತು! ಪೂಜೆಗೆ ಧೂಳು ತೆಗೆಯುವಾಗ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ಲನ್ನು ನಾನೇ ಎಳೆದಾಡಿ, ಡೊಂಕಾಗಿ ಬಿಟ್ಟಿದ್ದೆ. ತಗಡು ಮುಚ್ಚಿದರೆ ಅದು ಕೇಬಲ್‌ನ ತುದಿಯನ್ನು ಒತ್ತುತ್ತಿತ್ತು. ಡಿಸ್ಕ್ ಬದಲಾದರೂ ಅದೇ ಕೇಬಲ್ ಮುಂದುವರಿದಿತ್ತು.

ಕೇಬಲ್ ಕೆಟ್ಟರೆ ಕಂಪ್ಯೂಟರ್ ನಿಲ್ಲಬೇಕು, ನಿಧಾನ ಯಾಕಾಗಬೇಕು ಅಂತ ನನಗೂ ಅನ್ನಿಸಿತ್ತು. ಕೇಬಲ್‌ನಲ್ಲಿ ಹೋಗುವ ಪ್ರತಿ ಕಂತಿನ ಜೊತೆ ಸಿಆರ್‌ಸಿ ಅಂತ ಒಂದು ತಾಳೆ ಸಂಖ್ಯೆ ಇರುತ್ತದೆ. ತಾಳೆ ಆಗದಿದ್ದರೆ ಅದೇ ಕಂತನ್ನು ಮತ್ತೆ ಕಳಿಸಬೇಕು. ಟ್ರಯಲ್ ಬ್ಯಾಲೆನ್ಸ್ ಕೂಡದಿದ್ದರೆ ನಾವು ಮತ್ತೆ ಮೇಲಿನಿಂದ ಕೂಡಿಸುವುದಿಲ್ಲವಾ, ಹಾಗೇ. ಲೆಕ್ಕ ತಪ್ಪುವುದಿಲ್ಲ, ಹೊತ್ತು ಹೋಗುತ್ತದೆ.

ಇದು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ತಂತ್ರಾಂಶದಲ್ಲಿ ಕಾಣುತ್ತದೆ. ನಾನು ಮೊದಲ ದಿನವೇ ಅದನ್ನು ಹಾಕಿ ನೋಡಿದ್ದೆ. ನೀಲಿ ಬಣ್ಣದಲ್ಲಿ 'ಗುಡ್' ಅಂತಿತ್ತು, ಮುಚ್ಚಿಬಿಟ್ಟೆ. ಕೆಳಗಿನ ಪಟ್ಟಿ ಓದಬೇಕಿತ್ತು. ಅದರಲ್ಲಿ 05 ಮತ್ತು ಸಿ5 ಡಿಸ್ಕಿನ ತಟ್ಟೆಯ ಕಾಯಿಲೆ ಹೇಳುವ ಸಾಲುಗಳು. ಸಿ7 ದಾರಿಯಲ್ಲಿ ತಾಳೆ ತಪ್ಪಿದ ಲೆಕ್ಕ. ಹಳೇ ಡಿಸ್ಕನ್ನು ಮತ್ತೆ ಹಾಕಿ ನೋಡಿದೆ. 05, ಸಿ5 ಎರಡೂ ಸೊನ್ನೆ. ಸಿ7 ಎದುರು 1ಎ4. ಸಂಖ್ಯೆಯ ನಡುವೆ ಅಕ್ಷರ ಯಾಕೆ ಬಂತು ಅಂತ ತಲೆಕೆರೆದುಕೊಂಡೆ. ಅದು ಹದಿನಾರರ ಲೆಕ್ಕವಂತೆ, ನಮ್ಮ ಲೆಕ್ಕದಲ್ಲಿ 420. ನಗಬೇಕೋ ಅಳಬೇಕೋ! ಕೇಬಲ್ ಬದಲಿಸಿದರೂ ಆ ಸಂಖ್ಯೆ ಇಳಿಯುವುದಿಲ್ಲ. ಇವತ್ತಿನದು ಬರೆದಿಟ್ಟುಕೊಂಡು, ಏರುತ್ತಿದೆಯಾ ಅಂತ ನೋಡಬೇಕು. ನನ್ನದು ಹೊಸ ಕೇಬಲ್ ಹಾಕಿದ ಮೇಲೆ 420ರಲ್ಲೇ ನಿಂತಿದೆ.

ಹೊಸ ಕೇಬಲ್ 120 ರೂಪಾಯಿ. ತುದಿಯಲ್ಲಿ ಲೋಹದ ಕ್ಲಿಪ್ ಇರುವುದನ್ನೇ ಕೇಳಿ. ಜಾಗ ಕಡಿಮೆ ಇದ್ದರೆ ಒಂದು ತುದಿ ಎಲ್ ಆಕಾರದಲ್ಲಿ ಇರುವುದು ವಾಸಿ.

ಇನ್ನು ಎಸ್‌ಎಸ್‌ಡಿ. "ಈ ಕಾಲದಲ್ಲಿ ಯಾರಾದ್ರೂ ಹಾರ್ಡ್ ಡಿಸ್ಕ್ ತಗೊಳ್ತಾರೇನೋ?" ಅಂತ ಹಾಸನದ ಭಾವ ಬೈದು, ತಮ್ಮಲ್ಲಿದ್ದ 500 ಜಿಬಿಯದನ್ನು ಒಂದು ವಾರಕ್ಕೆ ಕೊಟ್ಟರು. ವೇಗದಲ್ಲಿ ಹೋಲಿಕೆಯೇ ಇಲ್ಲ. ಒಂದೂವರೆ ನಿಮಿಷಕ್ಕೆ ಆನ್ ಆಗುತ್ತಿದ್ದದ್ದು ಇಪ್ಪತ್ತು ಸೆಕೆಂಡಿಗೆ ಬಂತು. ಹಟಕ್ಕೆ ಅದನ್ನೂ ಹಳೇ ಕೇಬಲ್‌ಗೆ ಸಿಕ್ಕಿಸಿ ತಗಡು ಮುಚ್ಚಿದೆ. ಅದೂ ಆಮೆ! ಮದರ್‌ಬೋರ್ಡ್ ಮೇಲೇ ಕೂರುವ ಎಂ.2 ಥರದ ಎಸ್‌ಎಸ್‌ಡಿ ಆಗಿದ್ದರೆ ಕೇಬಲ್ಲಿನ ಗೋಳೇ ಇರುತ್ತಿರಲಿಲ್ಲ, ನನ್ನ ಹಳೇ ಬೋರ್ಡಿನಲ್ಲಿ ಅದಕ್ಕೆ ಜಾಗ ಇಲ್ಲ.

ಸಿ5 ಎದುರು ಸಂಖ್ಯೆ ಇದ್ದು, ಅದು ಏರುತ್ತಿದ್ದರೆ ನಾನೂ ಎಸ್‌ಎಸ್‌ಡಿಯನ್ನೇ ಕೊಳ್ಳುತ್ತಿದ್ದೆ. ಆಗ ಫಾರ್ಮ್ಯಾಟ್, ಡಿಫ್ರಾಗ್, ಚೆಕ್‌ಡಿಸ್ಕ್ ಅಂತ ಸಾಯುವ ಡಿಸ್ಕನ್ನು ಓಡಿಸಬೇಡಿ. ಮೊದಲು ಫೈಲ್ ಕಾಪಿ ಮಾಡಿಕೊಳ್ಳಿ.

ಈಗ ಹಳೇ ಡಿಸ್ಕು ಹೊಸ ಕೇಬಲ್‌ನಲ್ಲಿ ಆರಾಮಾಗಿ ಓಡುತ್ತಿದೆ. 4,000ದ ಹೊಸ ಡಿಸ್ಕನ್ನು ಎರಡನೆಯದಾಗಿ ಹಾಕಿ, ಭಾನುವಾರ ಭಾನುವಾರ ಲೆಕ್ಕದ ಬ್ಯಾಕಪ್ ತೆಗೆಯುತ್ತಿದ್ದೇನೆ. ಬೆಳಿಗ್ಗೆ ಬಟನ್ ಒತ್ತಿ ಕಾಫಿ ಸೋಸಲು ಹೋಗುವ ನನಗೆ ಒಂದೂವರೆ ನಿಮಿಷ ದೊಡ್ಡದಲ್ಲ. ಎಸ್‌ಎಸ್‌ಡಿ ವಾಪಸ್ ಕೊಟ್ಟೆ. ಇಟ್ಟುಕೋ, ದುಡ್ಡು ನಿಧಾನಕ್ಕೆ ಕೊಡು ಅಂದರು ಭಾವ. ಕೊಯ್ಲು ಮುಗಿದು ಬೆಳೆಗಾರರು ನನ್ನ ಬಾಕಿ ಕೊಟ್ಟ ಮೇಲೆ ನೋಡೋಣ ಅಂದಿದ್ದೇನೆ.