ಹೋಟೆಲ್ ಬೋರ್ಡಿಗೆ ಯಾವ ಫಾಂಟ್: ಬಲೂ ತಮ್ಮ 2, ನೋಟೋ ಸ್ಯಾನ್ಸ್ ಕನ್ನಡ?

ತುಮಕೂರಿನ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಹೋಟೆಲ್ ತೆರೆಯುತ್ತಿದ್ದೀರಿ ಅಂದುಕೊಳ್ಳಿ. ಬೋರ್ಡು, ಮೆನು ಎರಡೂ ಆಗಬೇಕು. ಎರಡು ಫಾಂಟೂ ಉಚಿತ, ವ್ಯಾಪಾರಕ್ಕೂ ಬಳಸಬಹುದು.

ಬಲೂ ತಮ್ಮ ಮುಂಬೈನ ಏಕ್ ಟೈಪ್ ತಂಡದ್ದು. ದಪ್ಪ ಗೆರೆ, ಉರುಟಾದ ತುದಿ, ಹಿಟ್ಟು ಉಬ್ಬಿದ ಹಾಗೆ ತುಂಬಿಕೊಂಡ ಅಕ್ಷರ. ಕನ್ನಡ ಲಿಪಿಯೇ ಗುಂಡಗಿರುವುದರಿಂದ ಈ ಶೈಲಿ ಒತ್ತಾಯ ಅನ್ನಿಸುವುದಿಲ್ಲ. ಬಿ.ಎಚ್. ರಸ್ತೆಯಲ್ಲಿ ಬಸ್ಸಿನಿಂದ ನೋಡುವವರಿಗೂ ಕಾಣುತ್ತದೆ. ಇಂಗ್ಲಿಷ್ ಅಕ್ಷರವೂ ಅದೇ ಜಾಯಮಾನದ್ದು. ಹೇಗೂ ಕರ್ನಾಟಕದ ಕಾನೂನಿನಂತೆ ಬೋರ್ಡಿನಲ್ಲಿ 60% ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ.

ಆದರೆ ಸಣ್ಣ ಅಳತೆಯಲ್ಲಿ ಇದು ಕೈಕೊಡುತ್ತದೆ. ದ–ಧ, ಪ–ಫ ನಡುವಿನ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಸೀಳು ಮಾತ್ರ. ಅತಿ ದಪ್ಪ ರೂಪವಾದ ಎಕ್ಸ್‌ಟ್ರಾ ಬೋಲ್ಡ್‌ನಲ್ಲಿ ಚಿಕ್ಕದಾಗಿ ಮುದ್ರಿಸಿದರೆ ಅದು ಮುಚ್ಚಿಹೋಗಬಹುದು. 'ಕ್ಯಾತ್ಸಂದ್ರ'ದಲ್ಲೇ ಮೂರು ಒತ್ತಕ್ಷರ ಇವೆ, ನೋಡಿ. ಸಾಲಿನ ಅಂತರ ಜಾಸ್ತಿ ಬಿಡದಿದ್ದರೆ ಕೆಳಸಾಲಿಗೆ ತಾಗುತ್ತವೆ.

ನೋಟೋ ಗೂಗಲ್‌ನದು. ತೆಳುವಿನಿಂದ ದಪ್ಪದವರೆಗೆ ಒಂಬತ್ತು ತೂಕಗಳಿವೆ. ನೀಟು, ಸ್ವಲ್ಪ ಸಪ್ಪೆ. ಮೆನು, ಬಿಲ್ಲು, ದರಪಟ್ಟಿಗೆ ಇದೇ ಸರಿ.

ನನ್ನ ಆಯ್ಕೆ: ಬೋರ್ಡಿಗೆ ಬಲೂ ತಮ್ಮ, ಅದೂ ಬೋಲ್ಡ್ ಸಾಕು. ಓದುವುದಕ್ಕೆ ನೋಟೋ. ಎರಡೂ ಯೂನಿಕೋಡ್. ಯೂನಿಕೋಡನ್ನು ಸರಿಯಾಗಿ ತೋರಿಸದ ಹಳೇ ತಂತ್ರಾಂಶ ಫ್ಲೆಕ್ಸ್ ಅಂಗಡಿಯಲ್ಲಿದ್ದರೆ ಒತ್ತು ಚದುರಬಹುದು, ಹಾಗಾಗಿ ಅಕ್ಷರಗಳನ್ನು ಕರ್ವ್ಸ್‌ಗೆ (ಅಂದರೆ ಫಾಂಟ್ ಬೇಡದ ಗೆರೆಚಿತ್ರಕ್ಕೆ) ಬದಲಿಸಿ ಪಿಡಿಎಫ್ ಕೊಡಿ.