ಬ್ಯಾಂಡ್ ಸಾ ಬ್ಲೇಡ್ ಪದೇ ಪದೇ ತುಂಡಾಗುತ್ತಿದ್ದರೆ ಟೇಬಲ್ ಕೆಳಗಿನ ಬೇರಿಂಗ್ ನೋಡಿ

ಮೇಲೊಂದು ಕೆಳಗೊಂದು ವೀಲಿನ ಮೇಲೆ ಪಟ್ಟಿಯಂಥ ಬ್ಲೇಡ್ ಸುತ್ತಿ ಮರ ಕೊಯ್ಯುವ ಮೆಷಿನ್ ಬ್ಯಾಂಡ್ ಸಾ. ಒಂದು ಮರಗೆಲಸದ ಶೆಡ್ಡಿನ 14 ಇಂಚಿನ ಬ್ಯಾಂಡ್ ಸಾದಲ್ಲಿ ಹೊಸ ಬ್ಲೇಡ್‌ಗಳು ಸಾಲಾಗಿ ತುಂಡಾದವು. ಬ್ಲೇಡೇ ಕಳಪೆ ಎಂದು ಮೊದಲು ಅಂಗಡಿಯವನ ಜೊತೆ ಜಗಳ. ಆಮೇಲೆ ವೆಲ್ಡಿಂಗ್ ಮೇಲೆ ಅನುಮಾನ. ರಿಪೇರಿಗೆ ಬಂದವನು ಬ್ಲೇಡ್ ಅತ್ತಿತ್ತ ಸರಿಯದಂತೆ ಹಿಡಿಯುವ ಮೇಲಿನ ಗೈಡ್‌ನ ಬೇರಿಂಗ್ ಬದಲಿಸಿ ದುಡ್ಡು ತೆಗೆದುಕೊಂಡು ಹೋದ, ಟೇಬಲ್ ಕೆಳಗೆ ಬಗ್ಗಿಯೂ ನೋಡಲಿಲ್ಲ. ಅಲ್ಲಿ ಬ್ಲೇಡಿನ ಬೆನ್ನಿಗೆ ಆನಿಕೆ ಕೊಡುವ ಬೇರಿಂಗ್ ಹೊಟ್ಟು ತುಂಬಿ ಪೂರ್ತಿ ಜಾಮ್ ಆಗಿತ್ತು. ತಿರುಗದ ಬೇರಿಂಗಿನ ಮುಖಕ್ಕೆ ಬ್ಲೇಡ್ ಉಜ್ಜಿ ಉಜ್ಜಿ, ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಕೊರೆದಿತ್ತು.

ತುಂಡಾದ ಬ್ಲೇಡನ್ನು ಗುಜರಿಗೆ ಎಸೆಯುವ ಮುಂಚೆ ಮುರಿದ ಜಾಗ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಬಿರುಕು ಬೆನ್ನಿನ ಕಡೆಯಿಂದ ಶುರುವಾಗಿದ್ದರೆ ಮೊದಲ ಅನುಮಾನ ಹಿಂಬದಿ ಬೇರಿಂಗ್ ಮೇಲೆ. ಸವೆದ ಅಥವಾ ಜಾಮ್ ಆದ ಬೇರಿಂಗಿಗೆ ಉಜ್ಜಿದ ಬೆನ್ನು ಕಾದು ಗಡುಸಾಗುತ್ತದೆ, ಅಂಚು ಎರಡೂ ಕಡೆಗೆ ಉಬ್ಬುತ್ತದೆ. ಗಡುಸಾದ ಉಕ್ಕು ವೀಲಿನ ಮೇಲೆ ಬಾಗಿ ನೇರವಾಗುವಾಗಲೆಲ್ಲ ಸಣ್ಣ ಬಿರುಕು ಬಿಡುತ್ತದೆ. ಬಿರುಕು ಹಲ್ಲಿನ ಬುಡದಿಂದ ಶುರುವಾಗಿದ್ದರೆ ದೋಷ ಬೇರೆ ಕಡೆ: ಮರವನ್ನು ಜೋರಾಗಿ ನೂಕಿರಬಹುದು, ಪಕ್ಕದ ಗೈಡ್ ಬಿಗಿಯಾಗಿರಬಹುದು, ಇಲ್ಲವೇ ಬ್ಲೇಡಿನ ದಪ್ಪ ಆ ವೀಲಿಗೆ ಹೆಚ್ಚಾಗಿರಬಹುದು.

ಶಬ್ದವೂ ಸುಳಿವು ಕೊಡುತ್ತದೆ. ಗರಗರ ಎಂದು ಬಿಡದೆ ಬಂದರೆ ಬೇರಿಂಗ್. ಒಂದೇ ಲಯದಲ್ಲಿ ಟಿಕ್ ಟಿಕ್ ಎಂದರೆ ವೆಲ್ಡಿಂಗ್ ಜಾಯಿಂಟಿನ ಉಬ್ಬು, ಬ್ಲೇಡಿನಲ್ಲಿ ಬಗ್ಗು ಅಥವಾ ಬಿರುಕು. 93½ ಇಂಚಿನ ಬ್ಲೇಡ್ ನಿಮಿಷಕ್ಕೆ ಸುಮಾರು 900 ಮೀಟರ್ ಓಡುತ್ತಿದ್ದರೆ ಈ ಟಿಕ್ ಸೆಕೆಂಡಿಗೆ ಆರರಷ್ಟು ಕೇಳುತ್ತದೆ. ಕೇಳಿದ ತಕ್ಷಣ ಮೆಷಿನ್ ನಿಲ್ಲಿಸಿ. ಬಿರುಕು ಬಿಟ್ಟಿದ್ದರೆ ಇನ್ನು ಹೆಚ್ಚು ಹೊತ್ತು ಓಡುವುದಿಲ್ಲ.

ಪರೀಕ್ಷೆಗೆ ಪ್ಲಗ್ ಕಿತ್ತು, ಟೆನ್ಷನ್ ಸಡಿಲಿಸಿ, ಬ್ಲೇಡ್ ತೆಗೆಯಿರಿ. ಮೇಲೆ ಮೂರು, ಕೆಳಗೆ ಮೂರು, ಹೀಗೆ ಆರು ಬೇರಿಂಗ್ ಇದ್ದರೆ ಆರನ್ನೂ ಬೆರಳಲ್ಲಿ ತಿರುಗಿಸಿ. ನುಣುಪಾಗಿ ತಿರುಗಬೇಕು, ಮರಳು ಸಿಕ್ಕಂತೆ ಕರಕರ ಅನ್ನಬಾರದು, ಅಲುಗಾಡಿಸಿದರೆ ಪ್ಲೇ (ಸಡಿಲ) ಇರಬಾರದು. ಹಾಗೆಯೇ ಮೇಲಿನ ವೀಲನ್ನು ತುದಿ ಮತ್ತು ಬುಡದಲ್ಲಿ ಹಿಡಿದು ಹಿಂದೆ ಮುಂದೆ ಆಡಿಸಿ. ಲೊಡಲೊಡ ಎಂದರೆ ವೀಲಿನ ಬೇರಿಂಗ್ ಹೋಗಿದೆ. ಆಗ ಗೈಡ್ ಎಷ್ಟು ಸೆಟ್ ಮಾಡಿದರೂ ಪ್ರಯೋಜನವಿಲ್ಲ.

ಜಾಮ್ ಆದದ್ದಕ್ಕೆ ಎಣ್ಣೆ ಹೊಡೆದು, ಸೀಮೆಎಣ್ಣೆಯಲ್ಲಿ ನೆನೆಸಿ ಬಿಡಿಸುವ ಅಭ್ಯಾಸ ಬಹಳ ಕಡೆ ಇದೆ. ಬೇಡ. ಸೀಮೆಎಣ್ಣೆ ಒಳಗಿನ ಗ್ರೀಸ್ ತೊಳೆದು ಹಾಕುತ್ತದೆ, ಹೊರಗಿನ ಎಣ್ಣೆಗೆ ಹೊಟ್ಟು ಮೆತ್ತಿಕೊಂಡು ಅಂಟಾಗುತ್ತದೆ. ಬೇರಿಂಗ್ ಬದಲಿಸುವುದೇ ಸರಿ. ಸೀಲ್ ಮೇಲಿನ ನಂಬರ್ ನೋಡಿ ತನ್ನಿ. ಅಳಿಸಿದ್ದರೆ ವರ್ನಿಯರ್‌ನಲ್ಲಿ ಅಳೆಯಿರಿ: 10×30×9 ಮಿ.ಮೀ. ಇದ್ದರೆ 6200, 10×26×8 ಇದ್ದರೆ 6000, 8×22×7 ಇದ್ದರೆ 608. ನಂಬರಿನ ಕೊನೆಗೆ ‘2ಆರ್‌ಎಸ್’ ಇರಲಿ, ಅಂದರೆ ಎರಡೂ ಬದಿ ರಬ್ಬರ್ ಸೀಲ್. ‘ಝಡ್‌ಝಡ್’ ಎಂದಿದ್ದರೆ ಬರೀ ತಗಡಿನ ಮುಚ್ಚಳ, ಅದರ ಸಂದಿಯಲ್ಲಿ ನುಣ್ಣನೆಯ ಮರದ ಪುಡಿ ಒಳಗೆ ಹೋಗುತ್ತದೆ. ಹೆಸರಿಲ್ಲದೆ ಬರೀ ನಂಬರ್ ಒತ್ತಿರುವ ಅಗ್ಗದ ಮಾಲು ಕೊಟ್ಟರೆ ಹಿಂದಿರುಗಿಸಿ. ಶಾಫ್ಟಿಗೆ ಕೂರಿಸುವಾಗ ಒಳಗಿನ ರಿಂಗಿಗೆ ಮಾತ್ರ ತಾಗುವ ಸಾಕೆಟ್ ಇಟ್ಟು ಒತ್ತಬೇಕು. ಹೊರ ರಿಂಗಿಗೆ ಸುತ್ತಿಗೆಯಲ್ಲಿ ಹೊಡೆದರೆ ಗುಂಡುಗಳು ದಾರಿಯಲ್ಲಿ ಗುಳಿ ಬೀಳಿಸಿ, ಹೊಸ ಬೇರಿಂಗೇ ಮೊದಲ ದಿನದಿಂದ ಗರಗರ ಅನ್ನುತ್ತದೆ.

ಹೆಚ್ಚು ಜನ ತಪ್ಪುವುದು ಸೆಟ್ಟಿಂಗಿನಲ್ಲಿ. ಬ್ಲೇಡ್ ಹಾಕುವ ಮುಂಚೆ ಗೈಡ್‌ಗಳನ್ನೆಲ್ಲ ಹಿಂದಕ್ಕೆ ಸರಿಸಿ. ಟೆನ್ಷನ್ ಕೊಟ್ಟು, ಕೈಯಲ್ಲಿ ವೀಲ್ ತಿರುಗಿಸುತ್ತಾ ಟ್ರ್ಯಾಕಿಂಗ್, ಅಂದರೆ ವೀಲಿನ ಮೇಲೆ ಬ್ಲೇಡ್ ಓಡುವ ಜಾಗ, ಸರಿಮಾಡಿ. ಗೈಡ್ ತಾಗುತ್ತಿದ್ದರೆ ಬ್ಲೇಡ್ ಅದರ ಆಸರೆಯಲ್ಲೇ ನೆಟ್ಟಗೆ ನಿಂತಂತೆ ಕಾಣುತ್ತದೆ, ಟ್ರ್ಯಾಕಿಂಗಿನ ತಪ್ಪು ಗೊತ್ತಾಗುವುದಿಲ್ಲ. ಆಮೇಲೆ ಪಕ್ಕದ ಗೈಡ್: ಎರಡು ಬದಿಗೂ ಒಂದೊಂದು ಸಾಧಾರಣ ಝೆರಾಕ್ಸ್ ಹಾಳೆ ಇಟ್ಟು ತಾಗಿಸಿ ಬಿಗಿ ಮಾಡಿ, ಹಾಳೆ ಎಳೆಯಿರಿ. ಸುಮಾರು 0.1 ಮಿ.ಮೀ. ಸಂದಿ ಉಳಿಯುತ್ತದೆ. ಗೈಡಿನ ಮುಂದಿನ ಅಂಚು ಹಲ್ಲಿನ ಬುಡದಿಂದ ತುಸು ಹಿಂದೆಯೇ ಇರಬೇಕು. ಹಲ್ಲಿಗೆ ತಾಗಿದರೆ ಎಡಬಲಕ್ಕೆ ಬಗ್ಗಿಸಿದ ಸೆಟ್ ಕ್ಷಣದಲ್ಲಿ ಹೋಗುತ್ತದೆ, ಆಮೇಲೆ ಕಟ್ಟಿಂಗ್ ಒಂದೇ ಕಡೆಗೆ ಓರೆ ಎಳೆಯುತ್ತದೆ.

ಹಿಂಬದಿ ಬೇರಿಂಗಿಗೂ ಬ್ಲೇಡಿನ ಬೆನ್ನಿಗೂ 0.4 ಮಿ.ಮೀ.ನಷ್ಟು ಅಂತರ ಇರಲಿ, ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ಇಲ್ಲದಿದ್ದರೆ ಅದೇ ಹಾಳೆಯ ನಾಲ್ಕು ಪದರ. ಖಾಲಿ ಓಡುವಾಗ ಈ ಬೇರಿಂಗ್ ತಿರುಗಬಾರದು, ಮರ ನೂಕಿದಾಗ ಮಾತ್ರ ತಿರುಗಬೇಕು. ಸದಾ ತಿರುಗುತ್ತಲೇ ಇದ್ದರೆ ಬೇಗ ಸವೆಯುತ್ತದೆ. ಬೇರಿಂಗಿನ ಚಪ್ಪಟೆ ಮುಖಕ್ಕೆ ಬ್ಲೇಡ್ ತಾಗುವ ಮಾದರಿಯಾದರೆ, ಬೆನ್ನು ಹೊರ ರಿಂಗಿನ ಅಂಚಿನ ಹತ್ತಿರವೇ ತಾಗಬೇಕು. ಸೀಲಿನ ಮೇಲೋ ನಡುವಿಗೋ ತಾಗಿದರೆ ಬೇರಿಂಗ್ ತಿರುಗದೆ ಬರೀ ಕೊರೆಸಿಕೊಳ್ಳುತ್ತದೆ. ಇಷ್ಟನ್ನೂ ಕೆಳಗಿನ ಗೈಡಿಗೂ ಮಾಡಿ, ಬೇಕಾದರೆ ಟೇಬಲ್ ವಾಲಿಸಿ ಕೈ ಹಾಕಿ.

ಕೊನೆಗೆ ವೆಲ್ಡಿಂಗ್ ಜಾಯಿಂಟ್ ಎಲ್ಲ ಗೈಡ್‌ಗಳನ್ನೂ ದಾಟುವವರೆಗೆ ಕೈಯಲ್ಲೇ ತಿರುಗಿಸಿ. ಮೇಲಿನ ಗೈಡ್ ಮರಕ್ಕಿಂತ 6 ಮಿ.ಮೀ.ನಷ್ಟು ಎತ್ತರದಲ್ಲಿ ನಿಲ್ಲಲಿ. ಮೇಲಿನ ಗೈಡನ್ನು ಹೊತ್ತು ಏರಿಳಿಯುವ ಕಂಬ, ಅಂದರೆ ಗೈಡ್ ಪೋಸ್ಟ್, ಬ್ಲೇಡಿಗೆ ಸಮಾನಾಂತರವಾಗಿಲ್ಲದ ಮೆಷಿನ್‌ಗಳೂ ಇವೆ. ಕೆಳಗೆ ಸರಿಯಾಗಿದ್ದ ಸಂದಿ ಪೋಸ್ಟ್ ಎತ್ತಿದ ಮೇಲೆ ಕೆಡುತ್ತದೆ. ಅಂಥದ್ದರಲ್ಲಿ ದಪ್ಪ ಹಲಗೆಗೆ ಪೋಸ್ಟ್ ಎತ್ತಿದಾಗಲೆಲ್ಲ ಹಾಳೆ ಇಟ್ಟು ಮತ್ತೆ ನೋಡಬೇಕು.

ಇನ್ನೊಂದು ಅಪಾಯ ಕಿಡಿ. ಜಾಮ್ ಆದ ಬೇರಿಂಗಿಗೆ ಉಕ್ಕು ಉಜ್ಜಿದಾಗ ಕಿಡಿ ಹಾರಿ ಬೀಳುವುದು ಕೆಳಗಿನ ಒಣ ಹೊಟ್ಟಿನ ಮೇಲೆ. ಕಿಡಿ ಕಂಡ ಮೆಷಿನ್ನಿನ ಒಳಗಿನ ಹೊಟ್ಟನ್ನು ಪೂರ್ತಿ ತೆಗೆಯದೆ ಶೆಡ್ಡಿಗೆ ಬೀಗ ಹಾಕಬೇಡಿ. ಹೊಟ್ಟು ಹೊಗೆ ಕಾಣಿಸದೆ ಗಂಟೆಗಟ್ಟಲೆ ಒಳಗೊಳಗೇ ಉರಿಯಬಲ್ಲದು.

ಕೆಟ್ಟ ಬೇರಿಂಗಿನ ಮೇಲೆ ಓಡಿದ ಹಳೆ ಬ್ಲೇಡನ್ನು ಹೊಸ ಬೇರಿಂಗಿಗೆ ಹಾಗೇ ಹಾಕಬೇಡಿ. ಬೆನ್ನು ಉಬ್ಬಿದ್ದು ಕೈಗೆ ತಾಗಿದರೆ, ಸುಟ್ಟು ನೀಲಿಯಾಗಿದ್ದರೆ, ಹಲ್ಲು ಎಷ್ಟೇ ಚೂಪಾಗಿರಲಿ, ಆ ಬ್ಲೇಡ್ ಗುಜರಿಗೆ.