ಮಾಡ್ಯುಲರ್ ಬಾಸ್ಕೆಟ್ಟಾ, ಗೋಡೆ ಸ್ಟ್ಯಾಂಡಾ? ಸಣ್ಣ ಅಡುಗೆಮನೆಯ ಪಾತ್ರೆ ಪಂಚಾಯ್ತಿ

ಮೊದಲೇ ಹೇಳಿಬಿಡುತ್ತೇನೆ. ಸಣ್ಣ ಅಡುಗೆಮನೆಯಲ್ಲಿ ಪಾತ್ರೆ ಇಡುವುದಕ್ಕೆ ಗೋಡೆಗೆ ಹೊಡೆಯುವ ಸ್ಟೀಲ್ ಸ್ಟ್ಯಾಂಡನ್ನು ಮೀರಿಸಿದ್ದು ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅದೇ, ಹಳೇ ಮನೆಗಳಲ್ಲಿ ಇರುತ್ತಿತ್ತಲ್ಲ, ಮೇಲೆ ತಟ್ಟೆ ನಿಲ್ಲಿಸುವ ಕಂಬಿ, ನಡುವೆ ಎರಡು ಅಂತಸ್ತು, ಪಕ್ಕದಲ್ಲಿ ಚಮಚದ ಡಬ್ಬಿ, ಕೆಳಗೆ ಸಾಲಾಗಿ ಕೊಕ್ಕೆ. "ಈಗಿನ ಕಾಲದಲ್ಲಿ ಅದನ್ನ ಯಾರು ಹಾಕಿಸ್ತಾರೆ?" ಅಂದವರೇ ಜಾಸ್ತಿ. ಅವರು ಹೇಳಿದ ಮಾಡ್ಯುಲರ್ ಬಾಸ್ಕೆಟ್ಟನ್ನೂ ಹಾಕಿಸಿದ್ದೇವೆ, ಆಮೇಲೆ ಈ ಸ್ಟ್ಯಾಂಡನ್ನೂ ತಂದಿದ್ದೇವೆ. ಎರಡೂ ಈಗ ಒಂದೇ ಅಡುಗೆಮನೆಯಲ್ಲಿ ಎದುರುಬದುರು ಇವೆ. ಹಾಗಾಗಿ ಹೋಲಿಕೆ ಮಾಡೋಕೆ ನನಗೆ ಪೂರ್ತಿ ಅಧಿಕಾರ ಇದೆ ಅಂದುಕೊಳ್ಳುತ್ತೇನೆ.

ನಮ್ಮದು ಹನುಮಂತನಗರದಲ್ಲಿ ಮೊದಲನೇ ಮಹಡಿ. ಅಡುಗೆಮನೆ 8 ಅಡಿಗೆ 6 ಅಡಿ. ಒಬ್ಬರು ಒಲೆ ಮುಂದೆ ನಿಂತಿದ್ದರೆ ಇನ್ನೊಬ್ಬರು ಫ್ರಿಜ್ ಬಾಗಿಲು ತೆಗೆಯುವ ಮುಂಚೆ "ಸ್ವಲ್ಪ ಜರುಗಿ" ಅನ್ನಲೇಬೇಕು. ಇರೋದು ನಾಲ್ಕೇ ಜನ, ಪಾತ್ರೆ ಮಾತ್ರ ಛತ್ರಕ್ಕಾಗುವಷ್ಟು. ಮೂರು ಅಳತೆಯ ಕುಕ್ಕರ್, ಇಡ್ಲಿ ಪಾತ್ರೆ, ಕಬ್ಬಿಣದ ದೋಸೆ ಕಾವಲಿ, ಚಪಾತಿಗೆ ಇನ್ನೊಂದು, ಪಡ್ಡು ಕಾವಲಿ, ಎರಡು ಬಾಣಲೆ, ಸಾರಿಗೆ, ಹಾಲಿಗೆ, ಮುದ್ದೆಗೆ ಬೇರೆ ಬೇರೆ ಪಾತ್ರೆ. ಇದರ ಮೇಲೆ ಹಬ್ಬಕ್ಕೆ ಮಾತ್ರ ಕೆಳಗಿಳಿಯುವ ದೊಡ್ಡ ತಪ್ಪಲೆ. ಯಾವುದನ್ನೂ ಕೊಡೋಕೆ ಅತ್ತೆ ಒಪ್ಪುವುದಿಲ್ಲ. ನಿಜ ಹೇಳಬೇಕೆಂದರೆ ನನಗೂ ಮನಸ್ಸಿಲ್ಲ.

ಬಾಸ್ಕೆಟ್ ವಿಚಾರಕ್ಕೆ ಬರೋಣ. ಅಡುಗೆ ಕಟ್ಟೆ ಕೆಳಗೆ ಎರಡು ಸ್ಟೀಲ್ ತಂತಿ ಬಾಸ್ಕೆಟ್, ಒಂದರ ಮೇಲೊಂದು. ಚಾನಲ್ (ಬಾಸ್ಕೆಟ್ ಜಾರುವ ಹಳಿ), ಬಾಗಿಲು, ಕೂಲಿ ಎಲ್ಲ ಸೇರಿ 14,000 ರೂಪಾಯಿ ಆಸುಪಾಸು ಆಯಿತು. ಅದರಲ್ಲಿ ಒಳ್ಳೆಯದು ಇಲ್ಲ ಅಂತಲ್ಲ. ಕಡಪಾ ಕಲ್ಲಿನ ಶೆಲ್ಫ್ ಇದ್ದಾಗ ಹಿಂದಿನ ಪಾತ್ರೆ ಬೇಕೆಂದರೆ ನೆಲಕ್ಕೆ ಕೂತು, ಒಳಗೆ ತಲೆ ತೂರಿಸಬೇಕಿತ್ತು. ಬಾಸ್ಕೆಟ್ ಎಳೆದರೆ ಹಿಂದಿನದೂ ಮುಂದಕ್ಕೆ ಬರುತ್ತದೆ. ಮಂಡಿನೋವಿನ ಅತ್ತೆಗೆ ಅದು ತುಂಬಾ ಹಿಡಿಸಿತು. ಬಾಗಿಲು ಮುಚ್ಚಿದರೆ ಮನೆಗೆ ಬಂದವರಿಗೆ ಏನೂ ಕಾಣಿಸುವುದಿಲ್ಲ, ಅದೂ ಒಂದು ಸಮಾಧಾನವೇ.

ಆದರೆ ಒಗ್ಗರಣೆ ಸೌಟು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಶೋರೂಮಿನಲ್ಲಿ ಖಾಲಿ ಬಾಸ್ಕೆಟ್ ಎಳೆದು ನೋಡುವಾಗ ಇದು ಯಾರಿಗೂ ಹೊಳೆಯುವುದಿಲ್ಲ. ಒಗ್ಗರಣೆ ಸೌಟಿಗೆ ಬಟ್ಟಲು ಸಣ್ಣದು, ಹಿಡಿ ಉದ್ದ. ಪಾತ್ರೆಗಳ ಮೇಲೆ ಅಡ್ಡ ಮಲಗಿಸಿದರೂ ಬಾಸ್ಕೆಟ್ ಎಳೆದು ತಳ್ಳುವ ಕುಲುಕಾಟಕ್ಕೆ ಬಟ್ಟಲು ಎರಡು ಪಾತ್ರೆಗಳ ಸಂದಿಗೆ ಜಾರಿ ಇಳಿಯುತ್ತದೆ. ಆಗ ಹಿಡಿ ನೆಟ್ಟಗೆ ಮೇಲೇಳುತ್ತದೆ. ಬಾಸ್ಕೆಟ್ ಒಳಗೆ ತಳ್ಳುವಾಗ ಹಿಡಿಯ ತುದಿ ಮೇಲಿನ ಅಡ್ಡಪಟ್ಟಿಗೆ ತಗುಲಿ ನಮ್ಮ ಕಡೆ ಬಾಗಿ, ಪಟ್ಟಿಯ ಕೆಳಗೆ ನುಸುಳಿಬಿಡುತ್ತದೆ. ಒಳಗೆ ಹೋದ ಮೇಲೆ ಮತ್ತೆ ಎದ್ದು ನಿಲ್ಲುತ್ತದೆ. ಈಗ ಎಳೆಯಿರಿ ನೋಡೋಣ. ತುದಿ ಅದೇ ಪಟ್ಟಿಗೆ ಒಳಗಡೆಯಿಂದ ತಗುಲುತ್ತದೆ. ಹಿಂದಕ್ಕೆ ಬಾಗೋಣ ಅಂದರೆ ಕುಕ್ಕರ್ ಅಡ್ಡ. ಬಾಸ್ಕೆಟ್ ಒಂದು ಇಂಚು ಬರುತ್ತದೆ, ಟಕ್ ಅಂತ ನಿಲ್ಲುತ್ತದೆ. ಒಂದು ಇಂಚಿನ ಸಂದಿಯಲ್ಲಿ ಬೆರಳು ಹೋಗುತ್ತದೆ, ಕೈ ಹೋಗುವುದಿಲ್ಲ.

ಇದು ಆಗುವುದು ಯಾವಾಗ? ಸಾರು ಕುದ್ದು ಒಲೆ ಆರಿಸಿ, ಒಗ್ಗರಣೆಗೆ ಅಂತ ಸೌಟು ತೆಗೆಯೋಕೆ ಹೋದಾಗಲೇ. ಬೇಕಾಗಿರುವ ವಸ್ತುವೇ ಬಾಗಿಲಿಗೆ ಒಳಗಿಂದ ಚಿಲಕ ಹಾಕಿಕೊಂಡಿರುತ್ತದೆ. ಮಗಳ ಜಾಮಿಟ್ರಿ ಬಾಕ್ಸಿನ ಸ್ಟೀಲ್ ಸ್ಕೇಲು ತಂದು, ಮೊಬೈಲ್ ಟಾರ್ಚ್ ಹಿಡಿದು, ಸಂದಿಯಲ್ಲಿ ತೂರಿಸಿ ಹಿಡಿಯನ್ನು ಕೆಳಗೆ ಅದುಮಿ, ಅದೇ ಗಳಿಗೆಗೆ ಇನ್ನೊಂದು ಕೈಯಲ್ಲಿ ಬಾಸ್ಕೆಟ್ ಎಳೆಯಬೇಕು. ಆ ಸ್ಕೇಲು ಈಗ ಶಾಲೆಗೆ ಹೋಗುತ್ತಿಲ್ಲ, ಉಪ್ಪಿನ ಡಬ್ಬಿ ಪಕ್ಕದಲ್ಲೇ ಇದೆ.

ನಮ್ಮ ಯಜಮಾನರಿಗೆ ಇಷ್ಟೆಲ್ಲ ತಾಳ್ಮೆ ಇಲ್ಲ. ಜೋರಾಗಿ ಎಳೆದರು. ಸೌಟೇನೋ ಬಗ್ಗಿ ಬಂತು, ಜೊತೆಗೆ ಮುಂದಿನ ಹಲಗೆಯ ಸ್ಕ್ರೂ ಕೂಡ ಸಡಿಲವಾಯಿತು. ಹಲಗೆ ಪಾರ್ಟಿಕಲ್ ಬೋರ್ಡಿನದು, ಅಂದರೆ ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ್ದು. ಒಮ್ಮೆ ಸ್ಕ್ರೂ ಕಿತ್ತು ಬಂದರೆ ಅದೇ ತೂತಿನಲ್ಲಿ ಮತ್ತೆ ಬಿಗಿಯಾಗಿ ಕೂರುವುದಿಲ್ಲ. ಕಾರ್ಪೆಂಟರ್ ಬಂದು ನೋಡಿ, "ಮೇಡಂ, ಇದರಲ್ಲಿ ಸೌಟೆಲ್ಲ ಇಡಬಾರದು, ಅದಕ್ಕೆ ಬೇರೆ ಕಟ್ಲರಿ ಬಾಸ್ಕೆಟ್ ಬರುತ್ತೆ" ಅಂದ. ಅದಕ್ಕೆ ಜಾಗ ಎಲ್ಲಿ ಅಂತ ಕೇಳಿದೆ. ನಕ್ಕ.

ಸೌಟನ್ನು ಹೊರಗಿಟ್ಟರೆ ಮುಗಿಯಿತಲ್ವಾ ಅನ್ನಬಹುದು. ಇಟ್ಟೆ. ಆಮೇಲೆ ಅದೇ ಆಟ ಚಪಾತಿ ಕಾವಲಿಯ ಹಿಡಿ ಶುರು ಮಾಡಿತು. ಆಮೇಲೆ ಕುಕ್ಕರ್ ಮುಚ್ಚಳ. ಬಾಸ್ಕೆಟ್ಟುಗಳು ಸಾಮಾನ್ಯವಾಗಿ 4, 6, 8 ಇಂಚು ಎತ್ತರದಲ್ಲಿ ಸಿಗುತ್ತವೆ. 5 ಲೀಟರಿನ ಕುಕ್ಕರಿಗೆ ಮುಚ್ಚಳ, ವಿಷಲ್ ಎಲ್ಲ ಹಾಕಿಟ್ಟರೆ ಎತ್ತರ ಎಷ್ಟಾಗುತ್ತದೆ ಅಂತ ಟೇಪ್ ಹಿಡಿದು ನೋಡಿಕೊಳ್ಳಿ. ನಮ್ಮದು ಮೇಲಿನ ಬಾಸ್ಕೆಟ್ಟಿನ ತಳಕ್ಕೆ ಉಜ್ಜುತ್ತದೆ. ಹಾಗಾಗಿ ಮುಚ್ಚಳವನ್ನು ಬೋರಲು ಹಾಕಿ ಇಡಬೇಕು. ಗ್ಯಾಸ್ಕೆಟ್ಟಿಗೆ ಅದೇ ಒಳ್ಳೆಯದು ಬಿಡಿ, ಬಿಗಿಯಾಗಿ ಮುಚ್ಚಿಟ್ಟರೆ ರಬ್ಬರ್ ಒತ್ತಿಕೊಂಡೇ ಇದ್ದು ಬೇಗ ಸಡಿಲವಾಗುತ್ತದೆ. ಆದರೆ ಬೋರಲು ಹಾಕಿದ ಮುಚ್ಚಳದ ಹಿಡಿ ಮತ್ತೆ ಹೊರಗೆ ಚಾಚಿಕೊಂಡು ಪಕ್ಕದ ಪಾತ್ರೆಯ ಜಾಗ ತಿನ್ನುತ್ತದೆ.

ಜಾಗದ ಲೆಕ್ಕವೂ ಅಷ್ಟೇ. 24 ಇಂಚಿನ ಗೂಡಿನಲ್ಲಿ ಎರಡೂ ಪಕ್ಕದ ಹಲಗೆ 18 ಮಿಲಿಮೀಟರಿನಂತೆ ಹೋಗುತ್ತದೆ, ಚಾನಲ್ಲಿಗೆ ಒಂದೊಂದು ಕಡೆ ಅರ್ಧ ಇಂಚು ಹೋಗುತ್ತದೆ. ಕೊನೆಗೆ ಕೂರುವುದು 21 ಇಂಚಿನ ಬಾಸ್ಕೆಟ್. ಆಳದಲ್ಲಿ ಹಿಂದೆ ಮೂರ್ನಾಲ್ಕು ಇಂಚು ಬಿಟ್ಟುಹೋಗುತ್ತದೆ. ಅಲ್ಲಿ ಬಿದ್ದ ಟೀ ಸೋಸುವ ಜಾಲರಿ ತೆಗೆಯಬೇಕೆಂದರೆ ಇಡೀ ಬಾಸ್ಕೆಟ್ ಬಿಚ್ಚಬೇಕು. ದೊಡ್ಡ ಅಡುಗೆಮನೆಗೆ ಇದೆಲ್ಲ ಲೆಕ್ಕಕ್ಕಿಲ್ಲ. ನಮ್ಮಂಥದ್ದಕ್ಕೆ ಒಂದು ಬಾಣಲೆಯ ಜಾಗವೇ ಹೋದ ಹಾಗೆ.

ಸ್ಟೀಲಿನ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಆಯಸ್ಕಾಂತ ಹಿಡಿದು "ನೋಡಿ, ಅಂಟೋದಿಲ್ಲ, ಒರಿಜಿನಲ್ 304" ಅಂತ ತೋರಿಸುತ್ತಾರೆ. 304 ಅನ್ನುವುದು ಸ್ಟೀಲಿನ ಗ್ರೇಡ್. ಅದಕ್ಕಿಂತ ಅಗ್ಗದ 202 ಗ್ರೇಡಿಗೂ ಆಯಸ್ಕಾಂತ ಸರಿಯಾಗಿ ಅಂಟುವುದಿಲ್ಲ, ಆದ್ದರಿಂದ ಆ ಪರೀಕ್ಷೆಯಿಂದ 304 ಅಂತ ಖಾತ್ರಿಯಾಗುವುದಿಲ್ಲ. 304ರಲ್ಲಿ ಸುಮಾರು 18% ಕ್ರೋಮಿಯಂ, 8% ನಿಕ್ಕಲ್ ಇರುತ್ತದೆ. 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ, ಬೆಲೆ ಕಡಿಮೆ, ತುಕ್ಕು ಬೇಗ. ಮೊದಲು ತುಕ್ಕು ಕಾಣಿಸುವುದು ತಂತಿ ಬೆಸೆದಿರುವ ಜಾಗದಲ್ಲಿ. ಬಿಲ್ಲಿನಲ್ಲೇ ಗ್ರೇಡ್ ಬರೆಸಿಕೊಳ್ಳಿ. ಗೋಡೆ ಸ್ಟ್ಯಾಂಡಿಗೂ ಇದೇ ಮಾತು.

ರಾಡ್ ಮತ್ತು ಎಸ್ ಕೊಕ್ಕೆ ಕೂಡ ಹಾಕಿ ನೋಡಿದ್ದೇನೆ. ಹಿಡಿ ಇರುವ ಕಾವಲಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಎರಡೂ ಕಾವಲಿ ಇವತ್ತಿಗೂ ಅಲ್ಲೇ ಇವೆ. ಕಬ್ಬಿಣದ ದೋಸೆ ಕಾವಲಿಯನ್ನು ತೊಳೆದು, ಒಲೆ ಮೇಲೆ ಒಣಗಿಸಿ, ಎಣ್ಣೆ ಸವರಿ ನೇತುಹಾಕಿದರೆ ತುಕ್ಕಿನ ಮಾತೇ ಇಲ್ಲ. ಒಂದೊಂದು 2 ಕೆಜಿ ಮೇಲೆ ತೂಗುವುದರಿಂದ ರಾಡು ಉದ್ದವಿದ್ದರೆ ನಡುವೆ ಇನ್ನೊಂದು ಆಧಾರ ಕೊಡಿಸಿ. ಒಲೆಯ ನೆತ್ತಿ ಮೇಲೆ ಮಾತ್ರ ಹಾಕಿಸಬೇಡಿ, ಜಿಡ್ಡು ಹಿಡಿದು ಅಂಟಂಟು. ಕುಕ್ಕರ್, ತಪ್ಪಲೆಗೆ ಇದು ಆಗಿಬರುವುದಿಲ್ಲ.

ಒಂದರೊಳಗೊಂದು ಕೂರಿಸಿ ಇಡುವುದು ಪುಕ್ಕಟೆ ಉಪಾಯ. ಆದರೆ ನಿಮಗೆ ಬೇಕಾದ್ದು ಯಾವಾಗಲೂ ಅಡಿಯಲ್ಲೇ ಇರುತ್ತದೆ. ನಾನ್‌ಸ್ಟಿಕ್ ಇದ್ದರೆ ನಡುವೆ ಹಳೇ ಬಟ್ಟೆ ಹಾಸಲೇಬೇಕು, ಇಲ್ಲದಿದ್ದರೆ ಮೇಲಿನ ಪಾತ್ರೆಯ ತಳ ಗೀರಿಬಿಡುತ್ತದೆ. ಸ್ಟೀಲ್ ಪಾತ್ರೆ ಒಂದರೊಳಗೊಂದು ಕಚ್ಚಿಕೊಂಡರೆ ಬಡಿಯಬೇಡಿ. ಒಳಗಿನದಕ್ಕೆ ತಣ್ಣೀರು ಹಾಕಿ, ಹೊರಗಿನದನ್ನು ಬಿಸಿನೀರಿನಲ್ಲಿ ಇಡಿ. ಹೊರಗಿನದು ಹಿಗ್ಗಿ, ಒಳಗಿನದು ಕುಗ್ಗಿ, ಬಿಟ್ಟುಕೊಳ್ಳುತ್ತದೆ.

ಮೇಲಿನ ಸಜ್ಜಾ ಏನಿದ್ದರೂ ಗೌರಿ ಹಬ್ಬದ ತಪ್ಪಲೆಗೆ, ಚಕ್ಕುಲಿ ಒರಳಿಗೆ. ದಿನಬಳಕೆಗೆ ಬೇಡ. ಗಾಲಿ ಇರುವ ಪ್ಲಾಸ್ಟಿಕ್ ಟ್ರಾಲಿ 6 ಅಡಿ ಅಗಲದ ಅಡುಗೆಮನೆಯಲ್ಲಿ ಕಾಲಿಗೆ ಸಿಗುವುದಕ್ಕೆ ಮಾತ್ರ ಲಾಯಕ್ಕು.

ಈಗ ನನ್ನ ಸ್ಟ್ಯಾಂಡು. ಚಿಕ್ಕಪೇಟೆಯ ಪಾತ್ರೆ ಅಂಗಡಿಯಲ್ಲಿ ತಗೊಂಡಿದ್ದು, 2,400 ರೂಪಾಯಿ ಆಸುಪಾಸು. ಆನ್‌ಲೈನಿನಲ್ಲೂ ಸಿಗುತ್ತದೆ, ಆದರೆ ಅಂತಸ್ತುಗಳ ನಡುವೆ ಎಷ್ಟು ಎತ್ತರ ಇದೆ ಅನ್ನುವುದು ಫೋಟೋದಲ್ಲಿ ಗೊತ್ತಾಗುವುದಿಲ್ಲ. ನಾನು ಮನೆಯಿಂದ 3 ಲೀಟರ್ ಕುಕ್ಕರನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಅಂಗಡಿಯಲ್ಲೇ ಇಟ್ಟು ನೋಡಿದೆ. ಅಂಗಡಿಯವರು, "ಅಕ್ಕ, ಹೀಗೆ ಕುಕ್ಕರ್ ತರೋವ್ರು ನೀವೇ ಮೊದಲು" ಅಂದರು. ಕಂಬಿ ಹಗುರವಾಗಿದ್ದರೆ ಬೇಡ. ಕೈಯಲ್ಲಿ ಹಿಡಿದು ಎರಡು ಮೂಲೆಯನ್ನು ತಿರುಚಿ ನೋಡಿ, ಅಲುಗಾಡಿದರೆ ಬಿಟ್ಟುಬಿಡಿ.

ಇದನ್ನು ಸಿಂಕಿನ ಮೇಲೆ ಹಾಕಿಸಿದ್ದೇ ನಮ್ಮ ಮನೆಗೆ ದೊಡ್ಡ ಅನುಕೂಲ. ಕೆಲಸಕ್ಕೆ ಬರುವ ಅಕ್ಕ ತೊಳೆದದ್ದನ್ನು ನೇರ ಅಲ್ಲೇ ಬೋರಲು ಹಾಕುತ್ತಾರೆ. ನೀರು ಸಿಂಕಿಗೇ ಸೋರುತ್ತದೆ. ಮುಂಚೆ ತೊಳೆದ ಪಾತ್ರೆಯ ಬುಟ್ಟಿ ಕಟ್ಟೆ ಮೇಲೆ ಕೂತಿರುತ್ತಿತ್ತು. ಅದು ಒಣಗುವ ತನಕ ತರಕಾರಿ ಹೆಚ್ಚೋಕೂ ಜಾಗ ಇರುತ್ತಿರಲಿಲ್ಲ. ಒಣಗಿದ ಮೇಲೆ ಒರೆಸಿ, ಬಾಸ್ಕೆಟ್ಟಿಗೆ ಜೋಡಿಸುವುದು ಇನ್ನೊಂದು ಕೆಲಸ. ಮಳೆಗಾಲದಲ್ಲಿ ಒದ್ದೆ ಪಾತ್ರೆಯನ್ನೇ ಒಳಗಿಟ್ಟರೆ ಬೋರ್ಡು ಉಬ್ಬುತ್ತದೆ, ಜಿರಳೆ ಬರುತ್ತದೆ. ಈಗ ಒಣಗಿಸುವ ಜಾಗ, ಇಡುವ ಜಾಗ ಎರಡೂ ಒಂದೇ. ಬುಟ್ಟಿ ಹೋಯಿತು, ಕಟ್ಟೆ ಬಿಡುವಾಯಿತು.

ಹೊಡೆಸುವಾಗ ಮಾತ್ರ ಜೋಪಾನ. ಸಿಂಕಿನ ಗೋಡೆಯೊಳಗೆ ನೀರಿನ ಪೈಪು ಇರುತ್ತದೆ. ನಲ್ಲಿಯ ನೆತ್ತಿಗೆ ನೇರವಾಗಿ ಡ್ರಿಲ್ ಹಾಕಿಸಲೇಬೇಡಿ, ಪೈಪು ಸಾಮಾನ್ಯವಾಗಿ ಅದೇ ಗೆರೆಯಲ್ಲಿ ಬರುತ್ತದೆ. ಸ್ವಿಚ್ ಬೋರ್ಡಿನ ಮೇಲೂ ಅಷ್ಟೇ, ವೈರು ಹೋಗಿರುತ್ತದೆ. ಟೈಲ್ಸಿಗೆ ಮೊದಲು ಹ್ಯಾಮರ್ ಮೋಡ್ ಇಲ್ಲದೆ ನಿಧಾನವಾಗಿ ತೂತು ಮಾಡಿಸಿ, ಇಲ್ಲದಿದ್ದರೆ ಸೀಳು ಬಿಡುತ್ತದೆ. ಸ್ಕ್ರೂ ಹಿಡಿಯುವ ಪ್ಲಗ್ ಟೈಲ್ಸನ್ನು ದಾಟಿ ಇಟ್ಟಿಗೆಯೊಳಗೆ ಕೂರಬೇಕು. ಎತ್ತರವನ್ನು ಮನೆಯಲ್ಲಿ ಕುಳ್ಳಗಿರುವವರ ಕೈಗೆ ತಕ್ಕಂತೆ ಇಡಿಸಿ. ನಮ್ಮಲ್ಲಿ ಅತ್ತೆಯನ್ನು ನಿಲ್ಲಿಸಿ ಪೆನ್ಸಿಲಿನಲ್ಲಿ ಗುರುತು ಹಾಕಿಸಿದೆವು. ಯಜಮಾನರ ತಲೆಗೆ ಸೌಟು ತಗುಲುತ್ತದೆ. ತಗುಲಲಿ.

ಬಾಡಿಗೆ ಮನೆಯವರಿಗೆ ಇದೇ ತೊಡಕು. ಎಷ್ಟೋ ಓನರ್‌ಗಳು ಒಂದು ಮೊಳೆ ಹೊಡೆದರೂ ಅಡ್ವಾನ್ಸಿನಲ್ಲಿ ಹಿಡಿಯುತ್ತಾರೆ. ಮುಂಚೆಯೇ ಕೇಳಿ ಒಪ್ಪಿಗೆ ತಗೊಳ್ಳಿ. ಒಪ್ಪದಿದ್ದರೆ ಇದೇ ಸ್ಟ್ಯಾಂಡು ಕಾಲಿರುವ ನಮೂನೆಯಲ್ಲೂ ಸಿಗುತ್ತದೆ, ಸಿಂಕಿನ ಆಚೀಚೆ ಕಾಲಿಟ್ಟು ನಿಲ್ಲುತ್ತದೆ. ಅಲುಗಾಡುತ್ತದೆ, ಆದರೆ ಕೆಲಸ ನಡೆಯುತ್ತದೆ.

ಸ್ಟ್ಯಾಂಡಿನ ದೋಷ ಏನೆಂದರೆ ಎಲ್ಲವೂ ಕಾಣುತ್ತದೆ. ಸೀದ ಬಾಣಲೆ, ಬಣ್ಣ ಹೋದ ಹಾಲಿನ ಪಾತ್ರೆ, ಎಲ್ಲವೂ. ರಸ್ತೆ ಕಡೆ ಕಿಟಕಿ ಇದ್ದರೆ ಧೂಳು. ದಿನಾ ಬಳಸುವ ಪಾತ್ರೆಗೆ ಧೂಳು ಕೂರುವಷ್ಟು ಪುರುಸೊತ್ತೇ ಇರುವುದಿಲ್ಲ, ಅಪರೂಪದ್ದನ್ನು ಅಲ್ಲಿ ಇಡಬೇಡಿ. ಬೋರ್‌ವೆಲ್ ನೀರಿನ ಬಿಳಿ ಕಲೆ ಕಂಬಿ ಮೇಲೆ ಕಟ್ಟುತ್ತದೆ, ಹುಣಸೆಹಣ್ಣಿನಲ್ಲಿ ಉಜ್ಜಿದರೆ ಹೋಗುತ್ತದೆ. ತುಂಬಾ ಭಾರದ್ದನ್ನೂ ಇಡಬಾರದು. ನಮ್ಮ 5 ಲೀಟರ್ ಕುಕ್ಕರ್, ಇಡ್ಲಿ ಪಾತ್ರೆ ಇನ್ನೂ ಕೆಳಗಿನ ಬಾಸ್ಕೆಟ್ಟಿನಲ್ಲೇ ಇವೆ. ಮೇಲಿನ ಬಾಸ್ಕೆಟ್ಟಿಗೆ ಈರುಳ್ಳಿ, ಆಲೂಗಡ್ಡೆ ಹೋಗಿವೆ. ತಂತಿ ಸಂದಿಯಲ್ಲಿ ಗಾಳಿ ಆಡುತ್ತದೆ, ಅದಕ್ಕೆ ಮಾತ್ರ ಹೇಳಿ ಮಾಡಿಸಿದ ಹಾಗಿದೆ.

ಹೊಸದಾಗಿ ಅಡುಗೆಮನೆ ಮಾಡಿಸುವವರು, 10 ಅಡಿ ಕಟ್ಟೆ ಇರುವವರು, ಪಾತ್ರೆ ಒರೆಸಿ ಜೋಡಿಸುವ ಅಭ್ಯಾಸ ಇರುವವರು ಬಾಸ್ಕೆಟ್ಟೇ ಹಾಕಿಸಿ. ಪಾರ್ಟಿಕಲ್ ಬೋರ್ಡ್ ಬೇಡ, ನೀರಿಗೆ ತಡೆಯುವ, ಐಎಸ್ 710 ಗುರುತಿರುವ ಪ್ಲೈವುಡ್ ಕೇಳಿ. ಮೇಲಿನ ಅಡ್ಡಪಟ್ಟಿಗೂ ಬಾಸ್ಕೆಟ್ಟಿಗೂ ನಡುವೆ ಎಷ್ಟು ಸಂದಿ ಬಿಡುತ್ತಾರೆ ಅಂತ ಕಾರ್ಪೆಂಟರನ್ನು ಹಿಡಿದು ಕೇಳಿ. ಎರಡು ಹೊತ್ತು ಪಾತ್ರೆ ತೊಳೆದು ಹಾಗೇ ಬೋರಲು ಹಾಕುವ ನಮ್ಮಂಥವರಿಗೆ, ಎರಡು ಮೂರು ಸಾವಿರದಲ್ಲಿ ಮುಗಿಸಬೇಕು ಅನ್ನುವವರಿಗೆ ಗೋಡೆ ಸ್ಟ್ಯಾಂಡು.

ಮುಚ್ಚಳಗಳಿಗೆ ಮಾತ್ರ ಎರಡರಲ್ಲೂ ಸರಿಯಾದ ಜಾಗ ಇಲ್ಲ. ಸಿಂಕಿನ ಕೆಳಗಿನ ಬಾಗಿಲಿನ ಒಳಮೈಗೆ ಎರಡು ಸಣ್ಣ ಟವೆಲ್ ರಾಡ್ ಹೊಡೆಸಿ, ಅದರ ಹಿಂದೆ ಮುಚ್ಚಳಗಳನ್ನು ಸಿಕ್ಕಿಸಿದ್ದೇನೆ. ಗುಬುಟು ರಾಡಿಗೆ ತಗುಲಿ ನಿಲ್ಲುತ್ತದೆ. ಗುಬುಟು ಇಲ್ಲದ ಚಪ್ಪಟೆ ತಟ್ಟೆ ಮುಚ್ಚಳ ಜಾರಿ ಬೀಳುತ್ತದೆ, ಅವು ಸ್ಟ್ಯಾಂಡಿನ ಮೇಲೆ ಊಟದ ತಟ್ಟೆಗಳ ಸಾಲಿನಲ್ಲೇ ನಿಲ್ಲುತ್ತವೆ.